ಬೀದಿದೀಪದ ಬಳಿ ಸೇವಂತಿಗೆ ಏಕೆ ಹೂ ಬಿಡುವುದಿಲ್ಲ?

ಮೈಸೂರಿನ ನಿಮ್ಮ ಅಂಗಳದ ಸೇವಂತಿಗೆ ಹುಲುಸಾಗಿ ಬೆಳೆದಿದ್ದರೂ ದೀಪಾವಳಿ ಕಳೆದ ಮೇಲೂ ಮೊಗ್ಗು ಕಟ್ಟದಿರಲು, ನೀವು ಹೇಳಿರುವ ಗೇಟಿನ ಪಕ್ಕದ ಬೀದಿದೀಪವೇ ಬಹುಮಟ್ಟಿಗೆ ಕಾರಣ. ಈ ಗಿಡ ಮೊಗ್ಗು ಕಟ್ಟಲು ದೀರ್ಘವಾದ, ಎಡೆಬಿಡದ ಕತ್ತಲೆ ಬೇಕು. ಎಲೆಗಳಲ್ಲಿ ಬೆಳಕನ್ನು ಗ್ರಹಿಸುವ ವರ್ಣದ್ರವ್ಯವೊಂದಿದ್ದು, ಇರುಳಿನ ನಡುವೆ ಸಾಕಷ್ಟು ಬೆಳಕು ಬಿದ್ದರೆ ಗಿಡವು ಆ ಇರುಳನ್ನು ಚಿಕ್ಕದೆಂದೇ ಪರಿಗಣಿಸಿ ಎಲೆ, ಕುಡಿಗಳನ್ನಷ್ಟೇ ಬೆಳೆಸುತ್ತದೆ. ಹೂ ಬೆಳೆಗಾರರು ಹೂ ಬಿಡುವುದನ್ನು ಮುಂದೂಡಲು ರಾತ್ರಿ ವಿದ್ಯುದ್ದೀಪ ಉರಿಸುವುದೂ ಇದಕ್ಕಾಗಿಯೇ. ಗೊಬ್ಬರ ಹೆಚ್ಚಿಸುವುದು ಇಲ್ಲಿ ಪರಿಹಾರವಲ್ಲ. ಹಗಲು ಬಿಸಿಲೂ ರಾತ್ರಿ ಪೂರ್ಣ ಕತ್ತಲೆಯೂ ಇರುವ ಹಿತ್ತಿಲಿಗೆ ಕುಂಡವನ್ನು ಸ್ಥಳಾಂತರಿಸಿ. ಹೂ ಮುಗಿದ ಮೇಲೆ ಗಿಡವನ್ನು ದಯವಿಟ್ಟು ಕಿತ್ತೆಸೆಯದೆ ಬುಡಕ್ಕಿಂತ ತುಸು ಮೇಲೆ ಕತ್ತರಿಸಿದರೆ, ಅಲ್ಲಿ ಹೊರಡುವ ಮರಿಗಳನ್ನು ಬೇರುಸಹಿತ ಬಿಡಿಸಿ ಮುಂಗಾರಿನಲ್ಲಿ ನೆಡಬಹುದು.