ಲೇಖಕರು ಎದುರಿಗೆ ಸಿಕ್ರ ಏನ್ ಕೇಳಬೇಕು?

ನಿಮ್ಮೂರಿಗೆ ಒಬ್ರು ಕಾದಂಬರಿಕಾರರು ಸಂವಾದಕ್ಕ ಬರಾಕತ್ತಾರ, ಸ್ಫೂರ್ತಿ ಎಲ್ಲಿಂದ ಬಂತು ಅಂತ ಕೇಳಿದ್ರ ಸಾಕೇನು ಅಂತ ಕೇಳೀರಿ. ಸಾಕಾಗಂಗಿಲ್ರಿ. ಆ ಪ್ರಶ್ನೆ ಎಲ್ಲಾ ಊರಾಗೂ ಕೇಳಿರ್ತಾರ, ಉತ್ತರ ಅವರಿಗೆ ಬಾಯಿಪಾಠ ಆಗಿರ್ತೈತಿ.

ಅವರದೊಂದ್ ಪುಸ್ತಕರೆ ಪೂರಾ ಓದ್ಕೊಂಡ್ ಹೋಗ್ರಿ. ಓದೂಮುಂದ ಎಲ್ಲಿ ತಡದ್ ನಿಂತ್ರಿ ಆ ಸಾಲು ಹಿಡದ್ ಕೇಳ್ರಿ, ಇಲ್ಲಿ ಈ ಶಬ್ದ ಯಾಕ ಇಟ್ರಿ, ಮೊದಲ ಏನ್ ಬರದಿದ್ರಿ, ಏನ್ ಹೊಡದ್ ಹಾಕಿದ್ರಿ ಅಂತ. ಮತ್ತ ಯಾರ ಮಾತು ಕೇಳ್ಕೋತ ಬೆಳದ್ರಿ ಅಂತ ತಪ್ಪದ ಕೇಳ್ರಿ. ನಮ್ಮ ಬೆಳಗಾವಿ ಜಿಲ್ಲಾ ಘೋಡಗೇರಿಯಾಗ ಹುಟ್ಟಿದ ಚಂದ್ರಶೇಖರ ಕಂಬಾರರು ಊರಾಗಿನ ಮಾತನ್ನ ನಾಟಕಕ್ಕ, ಕಾವ್ಯಕ್ಕ ತಂದ್ರು, 2010ರ ಜ್ಞಾನಪೀಠ ಅವರಿಗೆ ಬಂತು, ಅಂಥಾ ಬರವಣಿಗಿ ಹಿಂದ ಕೇಳಿಸ್ಕೊಂಡ ಮಾತು ಎಷ್ಟ್ ಇರ್ತಾವ ವಿಚಾರ ಮಾಡ್ರಿ.

ನಾನು ಇಂಡಿ ಕಡೆಯಾವ. ಏಳೆಂಟ್ ವರ್ಷದ ಹಿಂದ ವಿಜಯಪುರದಾಗ ಒಂದ್ ಕಾರ್ಯಕ್ರಮ ಮುಗದ್ ಮ್ಯಾಲ ಚಹಾ ಕುಡೀಮುಂದ ಒಬ್ರು ಹಿರಿಯ ಕಥೆಗಾರರಿಗೆ ಕೇಳ್ದೆ, ಸರ್ ನಿಮ್ಮ ಕಥಿಯೊಳಗ ಮುದುಕ್ಯಾರ ಮಾತು ಅಷ್ಟ್ ಖರೆ ಅನಸ್ತಾವಲ್ರಿ, ಹೆಂಗ ಬರೀತೀರಿ? ಅವರು ತಿರುಗಿ ನನಗ ಕೇಳಿದ್ರು, ‘ನಿಮ್ಮ ಅವ್ವ ಬೀಸೂಮುಂದ ಏನ್ ಹಾಡ್ತಿದ್ಲಪಾ?’ ಒಂದ್ ಸಾಲೂ ನೆನಪಿಗೆ ಬರ್ಲಿಲ್ಲ. ಭಾಳ ಸಂಕಟ ಆತು. ಯಾಕಂದ್ರ ನಮ್ಮ ಭಾಗದ ಹಲಸಂಗಿಯಾಗ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಗೆಳೆಯರು ಎಲ್ಲಾ ಕೂಡಿ ಹೆಣ್ಮಕ್ಕಳ ಬಾಯಿಂದ ಕೇಳಿ ಬರಕೊಂಡ ತ್ರಿಪದಿಗಳು 1931ರಾಗ ‘ಗರತಿಯ ಹಾಡು’ ಅಂತ ಪುಸ್ತಕ ಆಗ್ಯಾವ, ಅದನ್ನ ನಾ ಕಾಲೇಜಿನ್ಯಾಗ ಓದಿದ್ದೆ, ಆದ್ರ ನಮ್ಮನಿಯಾಗ ಹಾಡಾಕಿನ್ನ ಕೇಳೇ ಇರ್ಲಿಲ್ಲ.

ಆ ಐತವಾರನ ಊರಿಗೆ ಹೋದೆ. ಅವ್ವ ‘ಈಗ ಯಾವೂ ನೆನಪಿಲ್ಲೋ’ ಅಂದ್ಲು. ಸುಮ್ನ ಕುಂತು ಎಷ್ಟ್ ಕೇಳಿದ್ರೂ ಬರ್ಲಿಲ್ಲ. ಕಡೀಕ ಹಿತ್ತಲದಾಗ ಬಿದ್ದಿದ್ದ ಬೀಸುಕಲ್ಲು ತಂದು ತೊಳದು, ಒಂದ್ ಹಿಡಿ ಜ್ವಾಳ ಹಾಕಿ ಕೊಟ್ಟೆ. ನಾಕ್ ಸುತ್ತ ತಿರುವಿದ್ಲು ನೋಡ್ರಿ, ಒಂದರ ಹಿಂದ ಒಂದು ಹನ್ನೊಂದ್ ಪದ ಬಂದ್ವು. ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಂಡು ರಾತ್ರಿನ ಆ ಸರ್‌ಗೆ ಫೋನ್ ಹಚ್ಚಿದೆ, ಅವರು ಮೂರನೇ ಪದದಾಗಿನ ಒಂದ್ ಶಬ್ದ ತಿಳೀಲಿಲ್ಲಂದ್ರು, ಅವ್ವನ ಕೈಯಾಗ ಫೋನ್ ಕೊಟ್ಟೆ.