ಆಳದಲ್ಲಿ ಗಾಳಿಯ ಲೆಕ್ಕ

ಪ್ರಶ್ನೆ: ಟ್ಯಾಂಕಿಗೆ ನೀರು ತುಂಬಿಕೊಂಡು ಸಬ್‌ಮರೀನ್ ಮುಳುಗುತ್ತದೆ, ಗಾಳಿ ಊದಿ ಆ ನೀರನ್ನು ಹೊರತಳ್ಳಿ ಮೇಲೇಳುತ್ತದೆ ಎಂದು ಓದಿದ್ದೇನೆ. 300 ಮೀಟರ್ ಆಳದಲ್ಲೂ ಇದು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಗಾಳಿ ವಿಪರೀತ ಖರ್ಚಾಗುತ್ತದೆ. ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ 300 ಮೀಟರಿನಲ್ಲಿ ಅದು, ಮೇಲಿನ ಗಾಳಿಯ ಒಂದನ್ನೂ ಸೇರಿಸಿ, ಮೇಲ್ಮೈಯ 31 ಪಟ್ಟು. ಅಲ್ಲಿ 10 ಘನ ಮೀಟರ್ ನೀರನ್ನು ತಳ್ಳಬೇಕಾದರೆ ಮೇಲ್ಮೈ ಲೆಕ್ಕದ 310 ಘನ ಮೀಟರ್ ಗಾಳಿ ಬೇಕು. ಸಿಲಿಂಡರುಗಳಲ್ಲಿ ಅದುಮಿಟ್ಟ ಗಾಳಿ ತೀರಿತೆಂದರೆ ನೀರಿನಡಿ ಮತ್ತೆ ತುಂಬಿಕೊಳ್ಳುವ ದಾರಿಯಿಲ್ಲ. ಆದ್ದರಿಂದ ದಿನನಿತ್ಯದಲ್ಲಿ ಪ್ರೊಪೆಲ್ಲರ್ ವೇಗ ಹೆಚ್ಚಿಸಿ, ಹೈಡ್ರೋಪ್ಲೇನ್ ಎಂಬ ರೆಕ್ಕೆಗಳನ್ನು ಓರೆ ಮಾಡಿ ಮೇಲೇರುತ್ತಾರೆ. ಟ್ಯಾಂಕ್ ಊದುವುದು ಮೇಲ್ಮೈ ತಲುಪಿದ ಮೇಲೆ.

ಆಳದಲ್ಲೇ ಊದುವುದು ಆಪತ್ತಿನ ಹೊತ್ತಿನಲ್ಲಿ ಮಾತ್ರ. ಮೊದಲು ಟ್ಯಾಂಕಿನ ನೆತ್ತಿಯ ವೆಂಟ್ ವಾಲ್ವ್ ಭದ್ರವಾಗಿ ಮುಚ್ಚಿರಬೇಕು, ಇಲ್ಲದಿದ್ದರೆ ಊದಿದ ಗಾಳಿಯೆಲ್ಲ ಮೇಲಿನಿಂದಲೇ ಹೋಗಿಬಿಡುತ್ತದೆ. ಇನ್ನೊಂದು ಶತ್ರು ತೇವಾಂಶ. ಅದುಮಿಟ್ಟ ಗಾಳಿ ಥಟ್ಟನೆ ಹಿಗ್ಗಿದಾಗ ತಣ್ಣಗಾಗುತ್ತದೆ, ಅದರಲ್ಲಿರುವ ನೀರಾವಿ ಮಂಜುಗಡ್ಡೆಯಾಗಿ ಪೈಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ. 1963ರ ಏಪ್ರಿಲ್ 10ರಂದು ಅಟ್ಲಾಂಟಿಕ್‌ನಲ್ಲಿ 129 ಜನರೊಂದಿಗೆ ಮುಳುಗಿದ ಅಮೆರಿಕದ ಸಬ್‌ಮರೀನ್ 'ಥ್ರೆಶರ್' ಟ್ಯಾಂಕ್ ಊದಲು ಯತ್ನಿಸಿತ್ತು, ಮೇಲೇಳಲಿಲ್ಲ. ಬಳಿಕ ಅದೇ ವರ್ಗದ 'ಟಿನೋಸಾ'ವನ್ನು ದಡದಲ್ಲೇ ನಿಲ್ಲಿಸಿ ಊದಿ ನೋಡಿದಾಗ ಜಾಲರಿಗಳಲ್ಲಿ ಹಿಮ ಕಟ್ಟಿ ಗಾಳಿ ನಿಂತುಹೋಯಿತು. ಸಮುದ್ರಕ್ಕೆ ಇಳಿಯುವ ಮುನ್ನವೇ ಮಾಡಬಹುದಾಗಿದ್ದ ಪರೀಕ್ಷೆ ಅದು. ಆಮೇಲೆ ಗಾಳಿ ಒಣಗಿಸುವ ಯಂತ್ರಗಳನ್ನು ಸುಧಾರಿಸಿದರು, ಸಬ್‌ಸೇಫ್ ಎಂಬ ಕಟ್ಟುನಿಟ್ಟಿನ ತಪಾಸಣೆ ಬಂತು.

ಪ್ರಶ್ನೆ: ಮುಳುಗಿದ ಮೇಲೆ ಒಂದೇ ಆಳದಲ್ಲಿ ನಿಲ್ಲುವುದು ಹೇಗೆ?

ಉತ್ತರ: ಅದು ಟ್ರಿಮ್ ಟ್ಯಾಂಕುಗಳ ಕೆಲಸ: ಸಬ್‌ಮರೀನಿನ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮವಾಗಿರುವಂತೆ ಈ ಚಿಕ್ಕ ಟ್ಯಾಂಕುಗಳಿಗೆ ನೀರು ತುಂಬುತ್ತಾರೆ ಇಲ್ಲವೇ ತೆಗೆಯುತ್ತಾರೆ. ನಮ್ಮ ಕಲ್ವರಿ ವರ್ಗದ ಸಬ್‌ಮರೀನ್ ಮುಳುಗಿದಾಗ ಸುಮಾರು 1,775 ಟನ್. ಬಂಗಾಳ ಕೊಲ್ಲಿಯ ಉತ್ತರಕ್ಕೆ ಹೋದಂತೆ ಗಂಗೆ, ಬ್ರಹ್ಮಪುತ್ರದ ಸಿಹಿನೀರು ಬೆರೆತು ಉಪ್ಪು ಕಡಿಮೆಯಾಗುತ್ತದೆ. ನೀರಿನ ಸಾಂದ್ರತೆ ಘನ ಮೀಟರಿಗೆ 1,025ರಿಂದ 1,020 ಕಿಲೋಗೆ ಇಳಿದರೂ ಸಾಕು, ಸುಮಾರು 8.7 ಟನ್ ನೀರನ್ನು ಪಂಪ್ ಮಾಡಿ ಹೊರಹಾಕಬೇಕು. ತಡವಾದರೆ ಕೆಳಗಿಳಿಯುತ್ತದೆ, ಇಳಿದಂತೆ ಒತ್ತಡಕ್ಕೆ ಒಡಲೂ ತುಸು ಕುಗ್ಗಿ ತೇಲುವ ಬಲ ಇನ್ನಷ್ಟು ತಗ್ಗುತ್ತದೆ. ಓಡಿಕೊಂಡೇ ಆಳ ಹಿಡಿಯಬಹುದು, ಆದರೆ ಬ್ಯಾಟರಿ ಬೇಗ ಇಳಿಯುತ್ತದೆ, ಸದ್ದೂ ಹೆಚ್ಚು.

ಇಂಧನದ ಲೆಕ್ಕ ಉಲ್ಟಾ: ಹಲವು ಸಬ್‌ಮರೀನ್‌ಗಳಲ್ಲಿ ಡೀಸೆಲ್ ಖಾಲಿಯಾದಷ್ಟೂ ಅದರ ಜಾಗಕ್ಕೆ ಸಮುದ್ರದ ನೀರು ಬರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ಇಂಧನ ಉರಿದಂತೆ ಸಬ್‌ಮರೀನ್ ಹಗುರವಾಗುವ ಬದಲು ತೂಕ ಏರುತ್ತದೆ.