ಕೈಕೊಡುವ ಮಂಡಿ ಇಟ್ಟುಕೊಂಡು ಟೂರ್ನಿ ಆಡಬಹುದೇ?

ಓದುಗರ ಪತ್ರ: ನನಗೆ 20 ವರ್ಷ, ಕೆಜಿಎಫ್‌ನವನು, ಫುಟ್‌ಬಾಲ್‌ನಲ್ಲಿ ರೈಟ್ ವಿಂಗ್ ಆಡುತ್ತೇನೆ. ಐದು ವಾರದ ಹಿಂದೆ ಪ್ರಾಕ್ಟೀಸ್‌ನಲ್ಲಿ ಬಾಲ್ ಸಮೇತ ಒಳಕ್ಕೆ ತಿರುಗುವಾಗ ಎಡ ಮಂಡಿಯಲ್ಲಿ 'ಪಟ್' ಅಂದಿತು. ಸಂಜೆಯೊಳಗೆ ಊದಿಕೊಂಡಿತು. ಆಂಧ್ರದ ಪುತ್ತೂರಿಗೆ ಹೋಗಿ ನಾಟಿ ಕಟ್ಟು ಹಾಕಿಸಿಕೊಂಡೆ, ಮೂರು ವಾರಕ್ಕೆ ಬಿಚ್ಚಿದೆ. ಈಗ ನೋವಿಲ್ಲ, ನೇರವಾಗಿ ಓಡುತ್ತೇನೆ. ಆದರೆ ಎರಡು ಸಲ, ಒಮ್ಮೆ ಮೆಟ್ಟಿಲಿಳಿಯುವಾಗ, ಒಮ್ಮೆ ಬಸ್ಸಿಳಿದು ತಿರುಗುವಾಗ, ಮಂಡಿ ಕೈಕೊಟ್ಟಿತು. ಎಂಆರ್‌ಐನಲ್ಲಿ ಎಸಿಎಲ್ (ಮಂಡಿಯೊಳಗಿನ ಕಟ್ಟುನಾರು) ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್‌ನ (ಮೂಳೆಗಳ ನಡುವಿನ ಮೆತ್ತೆ) ಹಿಂಭಾಗ ಸೀಳಿದೆ ಎಂದು ಬಂದಿದೆ. 18 ದಿನಕ್ಕೆ ಟೂರ್ನಿ, ಅಲ್ಲೇ ಯೂನಿವರ್ಸಿಟಿ ತಂಡದ ಆಯ್ಕೆ. ಕೋಚ್ 'ಬ್ರೇಸ್ ಹಾಕ್ಕೊ, ಮ್ಯಾಚ್‌ಗೆ ಮುಂಚೆ ಇಂಜೆಕ್ಷನ್ ತಗೊ, ಆಪರೇಷನ್ ಆಮೇಲೆ' ಅನ್ನುತ್ತಾರೆ. ಸ್ವೀಡನ್ನಿನ ಸ್ಟಾರ್ ಇಬ್ರಾಹಿಮೋವಿಚ್ ಎಸಿಎಲ್ ಇಲ್ಲದೆಯೇ ಇಟಲಿಯ ಮಿಲಾನ್ ತಂಡಕ್ಕೆ ಆಡಿದನಲ್ಲ! ಹರಿದದ್ದು ಹೇಗೂ ಹರಿದಿದೆ, ಇನ್ನೇನು ಆಗುತ್ತದೆ? ಆಡಲಾ?

ಸಂಪಾದಕರ ಉತ್ತರ:

ಆಡಬೇಡಿ. ನಿಮ್ಮ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು 'ಇನ್ನೇನು ಆಗುತ್ತದೆ' ಅನ್ನುವ ಮಾತು. ಆಗುವುದು ಬೇಕಾದಷ್ಟಿದೆ. ಅದು ಎಸಿಎಲ್‌ಗಲ್ಲ, ಅದರ ಪಕ್ಕದಲ್ಲಿರುವುದಕ್ಕೆ.

ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಒಳಕ್ಕೆ ಸುತ್ತಿಕೊಳ್ಳದಂತೆ ಹಿಡಿಯುವುದು ಎಸಿಎಲ್ ಕೆಲಸ. ಅದು ಹೋದಾಗ ಆ ಭಾರ ಬಂದು ಬೀಳುವುದು ಒಳ ಮೆನಿಸ್ಕಸ್‌ನ ಹಿಂಭಾಗದ ಮೇಲೆ. ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಬಂದ ಲಾರಿ ಇಳಿಜಾರಿನಲ್ಲಿ ನಿಂತಿದೆ, ಹ್ಯಾಂಡ್‌ಬ್ರೇಕ್ ಕಿತ್ತುಹೋಗಿದೆ, ಕ್ಲೀನರ್ ಚಕ್ರಕ್ಕೆ ಕೊಟ್ಟ ಕಲ್ಲೊಂದೇ ಅದನ್ನು ಹಿಡಿದಿದೆ ಅಂದುಕೊಳ್ಳಿ. ನಿಮ್ಮ ಮಂಡಿಯಲ್ಲಿ ಆ ಕಲ್ಲೂ ಬಿರುಕು ಬಿಟ್ಟಿದೆ ಎಂದು ಎಂಆರ್‌ಐ ಹೇಳುತ್ತಿದೆ.

ಮೆನಿಸ್ಕಸ್‌ಗೆ ರಕ್ತ ಸರಬರಾಜು ಇರುವುದು ಹೊರ ಅಂಚಿನ ಮೂರನೇ ಒಂದು ಭಾಗಕ್ಕೆ ಮಾತ್ರ. ಅಲ್ಲಿನ ಸೀಳನ್ನು ಹೊಲಿದರೆ ಕೂಡಿಕೊಳ್ಳುವ ಸಂಭವ ಚೆನ್ನಾಗಿದೆ. ಅದೇ ಸೀಳು ಹೊತ್ತ ಮಂಡಿ ಇನ್ನೊಮ್ಮೆ ಜೋರಾಗಿ ಕೈಕೊಟ್ಟರೆ ಸೀಳು ಉದ್ದವಾಗಿ, ಒಳತುಂಡು ಬಕೆಟ್ಟಿನ ಹಿಡಿಯ ಹಾಗೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಳ್ಳಬಹುದು. ಆಗ ಮಂಡಿ ನೆಟ್ಟಗಾಗುವುದಿಲ್ಲ, 'ಲಾಕ್' ಆಗುತ್ತದೆ. ಜಜ್ಜಿಹೋದ ತುಂಡಿಗೆ ಹೊಲಿಗೆ ನಿಲ್ಲದು, ಕತ್ತರಿಸಿ ತೆಗೆಯಬೇಕು. ತೆಗೆದಷ್ಟೂ ಮೂಳೆಯ ತುದಿಯ ನುಣುಪು ಹೊದಿಕೆಯಾದ ಕಾರ್ಟಿಲೇಜ್ ಮೇಲೆ ಒತ್ತಡ ಏರುತ್ತದೆ. ಅಪ್ಪನ ವಯಸ್ಸಿಗೆ ಬರಬೇಕಾದ ಮಂಡಿ ಸವೆತ ನಿಮಗೆ ಮೂವತ್ತರ ಆಸುಪಾಸಿನಲ್ಲೇ ಶುರುವಾಗಬಹುದು.

ನೋವಿಲ್ಲ, ನೇರ ಓಡುತ್ತೇನೆ ಅನ್ನುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ದಿನದ ನೋವಿಗೆ ಬಹುಪಾಲು ಕಾರಣ ಕೀಲಿನೊಳಗೆ ತುಂಬಿದ ರಕ್ತ. ಅದು ಇಂಗಿದ ಮೇಲೆ ನೋವೂ ಇಳಿಯುತ್ತದೆ, ಹರಿದದ್ದು ಹರಿದೇ ಇರುತ್ತದೆ. ನೇರ ಓಟಕ್ಕೆ ಎಸಿಎಲ್ ಅಷ್ಟಾಗಿ ಬೇಕಿಲ್ಲ. ಅದು ಬೇಕಾಗುವುದು ಗಕ್ಕನೆ ನಿಲ್ಲುವಾಗ, ಓಡುತ್ತಲೇ ದಿಕ್ಕು ಬದಲಿಸಿ ಕಟ್ ಮಾಡುವಾಗ, ಹೆಡ್ ಮಾಡಿ ಒಂಟಿ ಕಾಲಲ್ಲಿ ಇಳಿಯುವಾಗ. ವಿಂಗ್ ಆಟಗಾರನಿಗೆ ಅದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲವಲ್ಲ!

ಹಾಗಂತ ಎಸಿಎಲ್ ಹರಿದವರೆಲ್ಲ ಆಪರೇಷನ್ ಟೇಬಲ್ ಹತ್ತಲೇಬೇಕೆಂದಿಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ 59 ಮಂದಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್ ಎಂಬ ಕ್ರಮ ಇಟ್ಟರು. ಐದು ವರ್ಷದೊಳಗೆ ಎಸಿಎಲ್ ಆಪರೇಷನ್ ಮಾಡಿಸಿಕೊಂಡವರು 30 ಮಂದಿ, ಮಿಕ್ಕವರು ಅದಿಲ್ಲದೆಯೇ ನಡೆಸಿದರು. ವೃತ್ತಿಪರ ಆಟಗಾರರನ್ನು ಅದರಲ್ಲಿ ಸೇರಿಸಿರಲಿಲ್ಲ ಅನ್ನುವುದೂ ನೆನಪಿರಲಿ. ಎಸಿಎಲ್ ಇಲ್ಲದೆ ಕೆಲಕಾಲ ಆಡಬಲ್ಲವರು ಯಾರೆಂದು ಜರಡಿ ಹಿಡಿಯಲು ಫಿಸಿಯೋಗಳು ಬಳಸುವ ಅಳತೆಯೂ ಇದೆ: ಗಾಯವಾದ ಮೇಲೆ ಮಂಡಿ ಕೈಕೊಟ್ಟಿದ್ದು ಒಂದು ಸಲಕ್ಕಿಂತ ಹೆಚ್ಚಿರಬಾರದು, ಒಂಟಿ ಕಾಲಲ್ಲಿ 6 ಮೀಟರ್ ಕುಪ್ಪಳಿಸುವ ಪರೀಕ್ಷೆಯಲ್ಲಿ ಗಾಯದ ಕಾಲು ಒಳ್ಳೆಯ ಕಾಲಿನ ಶೇಕಡಾ 80ರಷ್ಟಾದರೂ ಬರಬೇಕು, ಇತ್ಯಾದಿ. ಮೊದಲ ಮೆಟ್ಟಿಲಲ್ಲೇ ನೀವು ಹೊರಗೆ. ಅದೂ ಮೈದಾನದಲ್ಲಲ್ಲ, ಬಸ್ ಇಳಿಯುವಾಗ. ದಯವಿಟ್ಟು ಆ ಕುಪ್ಪಳಿಸುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ.

ಇಬ್ರಾಹಿಮೋವಿಚ್ ವಿಷಯ. 2022ರ ಮೇನಲ್ಲಿ ಆಪರೇಷನ್ ಆದಮೇಲೆ ಅವರೇ ಹೇಳಿಕೊಂಡದ್ದು: ಆರು ತಿಂಗಳು ಊದಿದ ಮಂಡಿ, ಇಪ್ಪತ್ತಕ್ಕೂ ಹೆಚ್ಚು ಇಂಜೆಕ್ಷನ್, ವಾರಕ್ಕೊಮ್ಮೆ ಮಂಡಿಯಿಂದ ನೀರು ತೆಗೆಸುವುದು, ದಿನಾ ನೋವಿನ ಮಾತ್ರೆ, ರಾತ್ರಿ ನಿದ್ದೆಯಿಲ್ಲ. ಆಗ ಅವರಿಗೆ 40 ವರ್ಷ. ಮರುವರ್ಷ ಜೂನ್‌ನಲ್ಲಿ ನಿವೃತ್ತಿ. ಆಟದ ಕೊನೆಯ ಮೈಲಿಯಲ್ಲಿದ್ದವರು ಲೀಗ್ ಕಿರೀಟಕ್ಕಾಗಿ ಕೊಟ್ಟ ಬೆಲೆ ಅದು, ನಿಮಗಿನ್ನೂ ಇಪ್ಪತ್ತು.

ಇಂಜೆಕ್ಷನ್ ಮಂಡಿಯನ್ನು ಗಟ್ಟಿ ಮಾಡುವುದಿಲ್ಲ, ಅದರ ಬಾಯಿ ಮುಚ್ಚಿಸುತ್ತದೆ ಅಷ್ಟೆ. ಮರಗಟ್ಟಿಸುವ ಮದ್ದು ಹೋದರೆ ಮಂಡಿ ಜಾರುವ ಮುನ್ಸೂಚನೆಯೂ ನಿಮಗೆ ಸಿಗದು. ಸ್ಟೆರಾಯ್ಡ್ ಆದರೆ ಅದೇ ಇನ್ನೊಂದು ರಗಳೆ: ಮತ್ತೆ ಮತ್ತೆ ಚುಚ್ಚಿದರೆ ಕಾರ್ಟಿಲೇಜ್‌ಗೆ ಹಾನಿ, ಶುಚಿಯಿಲ್ಲದೆ ಚುಚ್ಚಿದರೆ ಕೀಲಿಗೆ ಕೀವು. ಜೊತೆಗೆ 2022ರ ಜನವರಿ 1ರಿಂದ ಸ್ಪರ್ಧೆಯ ಸಮಯದಲ್ಲಿ ಯಾವ ದಾರಿಯಲ್ಲೇ ಆಗಲಿ ಚುಚ್ಚಿಸಿಕೊಂಡ ಗ್ಲುಕೋಕಾರ್ಟಿಕಾಯ್ಡ್ (ಈ ಬಗೆಯ ಸ್ಟೆರಾಯ್ಡ್) ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿದೆ, ಕೀಲಿಗೆ ಚುಚ್ಚಿದ್ದೂ ಸೇರಿ. ಭಾರತದ ಮದ್ದು ತಡೆ ಸಂಸ್ಥೆ ನಾಡಾದ ಪರೀಕ್ಷೆ ಇರುವ ಕೂಟಕ್ಕೆ ಮುಂದೆ ಎಂದಾದರೂ ಹೋಗುವುದಿದ್ದರೆ 'ಕೋಚ್ ಹೇಳಿದರು' ಅನ್ನುವ ವಿವರಣೆ ಅಲ್ಲಿ ನಡೆಯುವುದಿಲ್ಲ. ಬ್ರೇಸ್? ಪಕ್ಕದ ವಾಲಾಟಕ್ಕೆ ತಕ್ಕಮಟ್ಟಿನ ಆಸರೆ. ಒಳಗಿನ ಸುತ್ತಾಟವನ್ನು ಮೆಡಿಕಲ್ ಶಾಪಿನ ಬ್ರೇಸ್ ಹಿಡಿಯಲಾರದು.

ಪುತ್ತೂರು ಕಟ್ಟಿನ ಬಗ್ಗೆ ಕೋಲಾರ ಸೀಮೆಯವರ ಹತ್ತಿರ ಮಾತಾಡುವಾಗ ಹುಷಾರಾಗಿರಬೇಕು, ನಮಗೆ ಗೊತ್ತು. ಜಾಗ ಬಿಟ್ಟು ಕದಲದ ಮೂಳೆ ಬಿರುಕು ಅಲುಗಾಡದಂತಿದ್ದರೆ ಕೂಡಿಕೊಳ್ಳುತ್ತದೆ, ಅಲ್ಲಿ ಕಟ್ಟಿಗೆ ಒಳ್ಳೆ ಹೆಸರು ಬಂದಿರಬಹುದು. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಹರಿದ ತುದಿಗಳನ್ನು ಕೂಡಿಸುವ ರಕ್ತದ ಗರಣೆ ಅಲ್ಲಿ ನಿಲ್ಲದೆ ಕರಗಿಹೋಗುವುದರಿಂದ ಪೂರ್ತಿ ಹರಿದದ್ದು ಸಾಮಾನ್ಯವಾಗಿ ತಾನಾಗಿ ಸರಿಯಾಗಿ ಕೂಡುವುದಿಲ್ಲ, ಮೇಲಿಂದ ಏನು ಸುತ್ತಿದರೂ ಅಷ್ಟೇ. ಮೂರು ವಾರ ಕಾಲು ಕಟ್ಟಿಟ್ಟದ್ದರಿಂದ ನಿಮಗೆ ಆಗಿರುವ ನಷ್ಟ ಬೇರೆ: ತೊಡೆಯ ಮುಂದಿನ ಸ್ನಾಯು ಕರಗಿರುತ್ತದೆ, ಮಂಡಿ ಪೂರ್ತಿ ನೆಟ್ಟಗಾಗುವುದು ಕಡಿಮೆಯಾಗಿರುತ್ತದೆ.

ಅದನ್ನು ನೀವೇ ನೋಡಿಕೊಳ್ಳಬಹುದು. ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲಕ್ಕೆ ಎರಡೂ ತೊಡೆಗೆ ಪೆನ್ನಿನಲ್ಲಿ ಗುರುತು ಹಾಕಿ ಟೈಲರ್ ಟೇಪಿನಿಂದ ಸುತ್ತಳತೆ ತೆಗೆಯಿರಿ. ಒಂದೂವರೆ, ಎರಡು ಸೆಂ.ಮೀ. ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಆಮೇಲೆ ಮಂಚದ ಮೇಲೆ ಬೋರಲು ಮಲಗಿ, ಮಂಡಿಯಿಂದ ಕೆಳಗಿನ ಕಾಲು ಅಂಚಿನಾಚೆ ಇರಲಿ, ಹಿಮ್ಮಡಿ ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ಯಾರಿಂದಲಾದರೂ ನೋಡಿಸಿ. ಒಂದು ಸೆಂ.ಮೀ. ಮೇಲಿದ್ದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಕೊರತೆ. ನೀರು ಉಳಿದಿದೆಯೇ ತಿಳಿಯಲು ಕಾಲು ಚಾಚಿ ಕುಳಿತು, ಚಿಪ್ಪಿನ ಒಳಬದಿಯ ಕುಳಿಯನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ನೀವಿ. ತಕ್ಷಣ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ನೀವಿ. ಖಾಲಿಯಾಗಿದ್ದ ಒಳಬದಿಯ ಕುಳಿ ಅಲೆಯಂತೆ ಉಬ್ಬಿ ಬಂದರೆ ಒಳಗೆ ದ್ರವ ಇನ್ನೂ ಇದೆ.

ಈ 18 ದಿನಕ್ಕೆ ನಿಮಗಿರುವ ಕೆಲಸ ಇದೇ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯ ಕೆಳಗೆ ಏನೂ ಇಡದೆ, 10 ನಿಮಿಷ ಮಂಡಿ ತಾನಾಗಿ ಇಳಿಯಲು ಬಿಡಿ, ದಿನಕ್ಕೆ ಮೂರು ಸಲ. ತೊಡೆ ಬಿಗಿದು 10 ಸೆಕೆಂಡ್ ಹಿಡಿಯುವುದು ಹತ್ತು ಬಾರಿ. ಮಂಡಿ ಬಾಗದಂತೆ ಕಾಲೆತ್ತುವುದು. ಎತ್ತುವಾಗ ಮಂಡಿ ಸ್ವಲ್ಪವೇ ಬಾಗಿದರೂ ಸ್ನಾಯು ಇನ್ನೂ ಎಚ್ಚೆತ್ತಿಲ್ಲ ಎಂದರ್ಥ. ಸೀಟು ಎತ್ತರಿಸಿದ ಸೈಕಲ್ ತುಳಿಯಬಹುದು. ಕುಕ್ಕರಗಾಲಲ್ಲಿ ಕೂರುವುದು ಬೇಡ, ಸೀಳಿರುವ ಹಿಂಭಾಗಕ್ಕೇ ಅದು ಒತ್ತು ಕೊಡುತ್ತದೆ. ಊದಿದ, ಪೂರ್ತಿ ನೆಟ್ಟಗಾಗದ ಮಂಡಿಗೆ ಆಪರೇಷನ್ ಮಾಡಿದರೆ ಒಳಗೆಲ್ಲ ಗಾಯದ ಅಂಟು ಬೆಳೆದು ಮಂಡಿ ಬಿಗಿದುಕೊಳ್ಳುವ ಅಪಾಯ ಹೆಚ್ಚು, ಅದಕ್ಕೇ ಈ ತಯಾರಿ. ಈ ಮಧ್ಯೆ ಮಂಡಿ ಲಾಕ್ ಆದರೆ ಮಾತ್ರ ಕಾಯಬೇಡಿ, ಅದೇ ವಾರ ಸರ್ಜನ್ನರನ್ನು ಕಾಣಿ.

ಆಪರೇಷನ್‌ನಲ್ಲಿ ನಿಮ್ಮದೇ ತೊಡೆಯ ಹಿಂದಿನ ಸ್ನಾಯುರಜ್ಜು ಅಥವಾ ಚಿಪ್ಪಿನ ಕೆಳಗಿನ ರಜ್ಜುವಿನ ಪಟ್ಟಿ ತೆಗೆದು ಹೊಸ ಎಸಿಎಲ್ ಕೂರಿಸುತ್ತಾರೆ. ಮೆನಿಸ್ಕಸ್ ಹೊಲಿದರೆ ಸುಮಾರು ಆರು ವಾರ ಊರುಗೋಲು, 90 ಡಿಗ್ರಿ ಮೀರಿ ಮಡಚುವಂತಿಲ್ಲ. ಜನ ಎಡವುವುದು ಮೂರನೇ ತಿಂಗಳಲ್ಲಿ. ನೋವು ಮಾಯ, ನಡಿಗೆ ಸಲೀಸು, ಫಿಸಿಯೋ ಬಂದ್! ಕೂರಿಸಿದ ಗ್ರಾಫ್ಟ್‌ಗೆ ಹೊಸ ರಕ್ತನಾಳ ಹಬ್ಬಿ ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು, ಮೊದಲ ಕೆಲವು ತಿಂಗಳಲ್ಲಿ ಅದು ಕೂರಿಸಿದ ದಿನಕ್ಕಿಂತ ದುರ್ಬಲ. ನೇರ ಓಟ ನಾಲ್ಕನೇ ತಿಂಗಳ ಹೊತ್ತಿಗೆ, ತಿರುವಿನ ಅಭ್ಯಾಸ ಆರರ ನಂತರ, ಮ್ಯಾಚ್ ಒಂಬತ್ತಕ್ಕಿಂತ ಮುಂಚೆ ಬೇಡವೇ ಬೇಡ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ, ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ನ ರೊನಾಲ್ಡೊ ಸಾಕ್ಷಿ. ಅವರಿಗೆ ಹರಿದದ್ದು ಎಸಿಎಲ್ ಅಲ್ಲ, ಚಿಪ್ಪಿನ ಕೆಳಗಿನ ರಜ್ಜು. 1999ರ ನವೆಂಬರ್‌ನಲ್ಲಿ ಗಾಯ, ಐದೇ ತಿಂಗಳಿಗೆ ಲಾಜಿಯೋ ತಂಡದ ವಿರುದ್ಧ ಇಳಿದು ಕೆಲವೇ ನಿಮಿಷದಲ್ಲಿ ಪೂರ್ತಿ ಕಿತ್ತುಕೊಂಡರು. ಎರಡನೇ ಸಲ ಸಾವಧಾನವಾಗಿ ಬಂದವರು 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದರು.

ದುಡ್ಡಿನ ಮಾತು ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ವಿಭಾಗಕ್ಕೆ ತೋರಿಸಿ, ನಿಮ್ಮ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತದೆ, ರೆಫರಲ್ ಚೀಟಿ ಬೇಕೇ ಎಂದು ಅಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಸರ್ಕಾರದ್ದೇ, ಮೂಳೆ-ಕೀಲಿಗೆಂದೇ ಇರುವುದು. ಎಲ್ಲಿಗೆ ಹೋದರೂ ಎಂಆರ್‌ಐ ವರದಿಯ ಹಾಳೆ ಮಾತ್ರ ಒಯ್ಯಬೇಡಿ, ಸಿಡಿ ಅಥವಾ ಫಿಲ್ಮ್ ಸಮೇತ ಒಯ್ಯಿರಿ. ಸೀಳು ಹೊರ ಅಂಚಿನಲ್ಲಿದೆಯೇ ಒಳಗಿದೆಯೇ, ಹೊಲಿಯಬಹುದೇ ಎಂದು ಸರ್ಜನ್ ನೋಡುವುದು ಅದರಲ್ಲೇ.

ಕೋಚ್‌ಗೆ ಹೇಳುವಾಗ 'ಭಯ ಆಗುತ್ತೆ ಸಾರ್' ಅನ್ನಬೇಡಿ, ಧೈರ್ಯ ತುಂಬಲು ಶುರು ಮಾಡುತ್ತಾರೆ. 'ಎರಡು ಸಲ ಕೈಕೊಟ್ಟಿದೆ, ಮೆನಿಸ್ಕಸ್ ಸೀಳಿದೆ, ಈಗ ಹೊಲಿಯಬಹುದು, ಆಡಿದರೆ ಕತ್ತರಿಸಬೇಕಾಗಬಹುದು' ಅನ್ನಿ. ಮುಂದಿನ ವರ್ಷದ ಆಯ್ಕೆಗೆ ನಿಮ್ಮ ಹೆಸರು ಗಮನದಲ್ಲಿರಲಿ ಎಂದು ಈಗಲೇ ಕೇಳಿಕೊಳ್ಳಿ.